ಒಂದೇ ಬಟ್ಟಲು

ಮಂಗಳೂರಿನ ಬಂದರಿನಲ್ಲಿ ಹೊತ್ತಿಳಿದೊಡನೆ ಕೂಲಿಯು ಕೈಸೇರುತ್ತದೆ. ಮಂಡಿಗಳಲ್ಲಿ ಅಕ್ಕಿಮೂಟೆ ಹೊತ್ತವನೂ, ದಕ್ಕೆಯಲ್ಲಿ ಮೀನಿನ ಬುಟ್ಟಿ ಇಳಿಸಿದವನೂ ದಿನವೆಲ್ಲ ಕಾಯಕದಲ್ಲಿದ್ದವರೇ ಸರಿ. ಆದರೆ ಕೂಲಿ ದೊರೆತ ಸ್ಥಳಕ್ಕೂ ಮನೆಯ ಹೊಸ್ತಿಲಿಗೂ ನಡುವೆ ಒಂದು ದಾರಿಯುಂಟು. ಎಷ್ಟೋ ಸಂಸಾರಗಳ ಗತಿ ನಿರ್ಣಯವಾಗುವುದು ಆ ಅಲ್ಪ ದೂರದಲ್ಲಿಯೇ. 2007ರ ಜುಲೈ 1ರಿಂದ ನಾಡಿನಲ್ಲಿ ಸಾರಾಯಿಯು ನಿಷಿದ್ಧವಾಯಿತು. ಬಟ್ಟಲು ಮಾತ್ರ ಬರಿದಾಗಲಿಲ್ಲ, ಅದರೊಳಗಿನದರ ಹೆಸರು ಬದಲಾಯಿತು.

ಸಂಸಾರವನ್ನು ನುಂಗುವ ಈ ಬಟ್ಟಲನ್ನು ರಂಗದ ಮೇಲೆ ತಂದಿರಿಸಿದವರು ಮರಾಠಿಯ ನಾಟಕಕಾರ ರಾಮ ಗಣೇಶ ಗಡಕರಿಯವರು. ಅವರ 'ಏಕಚ್ ಪ್ಯಾಲಾ', ಎಂದರೆ 'ಒಂದೇ ಬಟ್ಟಲು', 1919ರಲ್ಲಿ ಅವರು ಕಾಲವಾದ ತರುವಾಯ ಗಂಧರ್ವ ನಾಟಕ ಮಂಡಳಿಯಿಂದ ಆಡಲ್ಪಟ್ಟಿತು. ಬಾಲಗಂಧರ್ವರು ಸಿಂಧುವಿನ ಪಾತ್ರವನ್ನು ಧರಿಸಿದ್ದರು. ಕುಡಿತವು ಬಡವರ ರೋಗವೆಂದು ಭಾವಿಸುವವರು ಇದನ್ನು ಗಮನಿಸಬೇಕು: ನಾಯಕನಾದ ಸುಧಾಕರನು ವಕೀಲ, ಬುದ್ಧಿಶಾಲಿ, ಅಭಿಮಾನಿ. ಸನದು ಅಮಾನತಾದ ಸಂಕಟವನ್ನು ಮರೆಯಲೆಂದು ಗುಮಾಸ್ತ ತಳೀರಾಮನು ನೀಡಿದ ಒಂದು ಬಟ್ಟಲನ್ನು ಕೈಗೆತ್ತಿಕೊಂಡನು. ಪತ್ನಿ ಸಿಂಧು ತವರಿನ ಐಶ್ವರ್ಯವನ್ನು ಒಲ್ಲದೆ, ಬೀಸುವ ಕಲ್ಲಿನ ಮುಂದೆ ಕುಳಿತು ದುಡಿದು ಪತಿಯನ್ನು ಬಿಡದೆ ನಿಂತಳು. ಕಡೆಗೆ ಅವನ ಪೆಟ್ಟಿಗೆ ಕೂಸು ಸತ್ತಿತು. ತಾನೂ ಸಾಯುತ್ತ, ಪೋಲೀಸರ ಮುಂದೆ ಗಂಡನ ಅಪರಾಧವನ್ನು ಮುಚ್ಚಿದಳು.

ಪ್ರೇಕ್ಷಕರು ಸಿಂಧುವಿಗಾಗಿ ಅತ್ತರು, ಅಳುವುದು ಯೋಗ್ಯವೇ. ಆದರೆ ಸದ್ಭಕ್ತರು ಕಣ್ಣೊರಸಿಕೊಂಡು ವಿಚಾರಿಸಬೇಕಾದುದೊಂದುಂಟು. ಈ ಮೌನವು ಭಕ್ತಿಯೇ? ಸಿಂಧುವನ್ನು ದೂಷಿಸುವ ಮಾತಲ್ಲವಿದು. ಹೊಡೆದ ಕೈ ಸುಧಾಕರನದು. ಶರಣರ ಮನೆಯಲ್ಲಿ ಮಾತ್ರ ಸತಿಯ ಧರ್ಮವು ಬೇರೊಂದು ಬಗೆಯಾಗಿ ಕಂಡಿತು. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಕಳವಲ್ಲ, ಕುಡಿತವಲ್ಲ, ಬರಿಯ ಅಕ್ಕಿ! ಅಷ್ಟಕ್ಕೇ ಲಕ್ಕಮ್ಮ ಅವನನ್ನು ತಡೆದು, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ತಪ್ಪು ಹಿಡಿಯಷ್ಟಿರುವಾಗಲೇ ಹೇಳಿದ ಮಾತಿಗೆ ಬಲವಿರುತ್ತದೆ. ಬಟ್ಟಲು ಒಂದೇ ಇದ್ದ ದಿನ ಸುಧಾಕರನಿಗೆ ಇಂಥ ಮಾತು ದೊರೆಯಲಿಲ್ಲ.

ಮತ್ತೊಂದು ಭೇದವಿದೆ, ಅದು ಇನ್ನೂ ಹಿರಿದು. ಲಕ್ಕಮ್ಮನ ಮಾತಿನ ಹಿಂದೆ ಶರಣಸಂಗವಿತ್ತು. ಸ್ತ್ರೀಯ ನುಡಿಯನ್ನು ಕೇಳಿ ಮನ್ನಿಸುವ ಅನುಭವ ಮಂಟಪವಿತ್ತು. ನಾಟಕದಲ್ಲಿಯೂ ಒಂದು ಸಂಘವುಂಟು. ತಳೀರಾಮನ 'ಆರ್ಯ ಮದಿರಾ ಮಂಡಳ'! ಕುಡುಕನಿಗೆ ಜೊತೆಗಾರರು ಹತ್ತು ಮಂದಿ, ಅವನ ಹೆಂಡತಿಗೆ ಬೀಸುವ ಕಲ್ಲೊಂದೇ. ನೆರೆಮನೆಯ ಕೂಗು ಕೇಳಿಸಿದಾಗ ಕದವಿಕ್ಕಿಕೊಂಡು ಲಿಂಗಪೂಜೆಗೆ ಕುಳಿತ ಗೃಹಸ್ಥನು ಆಗ ಯಾವ ಸಂಘದಲ್ಲಿದ್ದಾನೆಂಬುದನ್ನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಬಂದರಿನ ಓಣಿಗಳಲ್ಲಿಯೂ ಗೋಡೆಗಳು ತೆಳ್ಳಗಿವೆ.