ಬೇಡ ಎನ್ನುವವರಿಲ್ಲದ ಪುಸ್ತಕ

ಉದ್ಯಮದಲ್ಲಿ ಒಂದಿಷ್ಟು ಹೆಸರು ಮಾಡಿದವರಿಗೆ ಈಗ ಹೊಸ ಬಗೆಯ ಆಹ್ವಾನವೊಂದು ಬರುತ್ತದೆ. 20 ಮಂದಿ ಸಾಧಕರ ಪುಸ್ತಕ ಸಿದ್ಧವಾಗುತ್ತಿದೆ, ಅದರಲ್ಲಿ ನಿಮ್ಮದೂ ಒಂದು ಅಧ್ಯಾಯವಿರಲಿ, ಮುಖಪುಟದಲ್ಲಿ ಹೆಸರಾಂತ ಭಾಷಣಕಾರರ ಜೊತೆ ನಿಮ್ಮ ಹೆಸರೂ ಇರುತ್ತದೆ ಎನ್ನುವ ಆಹ್ವಾನ. ಕಟ್ಟಬೇಕಾದ ಮೊತ್ತ ಕೊನೆಯಲ್ಲಿರುತ್ತದೆ. ಇಂಗ್ಲಿಷ್ ಪುಸ್ತಕಲೋಕದಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಇದು ಚೆನ್ನಾಗಿ ಬೇರೂರಿದ ವ್ಯವಹಾರ. ಒಪ್ಪಬೇಕೆ, ಬಿಡಬೇಕೆ?

ಬರೆಯುವವನು ದುಡ್ಡು ಹಾಕುವುದೇ ತಪ್ಪು ಎಂಬ ವಾದ ನಿಲ್ಲುವುದಿಲ್ಲ. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ತನ್ನ ಮಹಾಕಾದಂಬರಿಯ ಮೊದಲ ಸಂಪುಟವನ್ನು ಪ್ರಕಾಶಕರು ಒಲ್ಲೆವೆಂದಾಗ 1913ರಲ್ಲಿ ಸ್ವಂತ ಖರ್ಚಿನಲ್ಲಿ ಹೊರತಂದ. ಕೈಯಿಂದ ದುಡ್ಡು ಹಾಕಿ ಮೊದಲ ಕವನ ಸಂಕಲನ ತಂದವರು ಕನ್ನಡದಲ್ಲೂ ಬೇಕಾದಷ್ಟಿದ್ದಾರೆ. ಆದರೆ ಅವರೆಲ್ಲ ಕೊಂಡದ್ದು ಕಾಗದ, ಅಚ್ಚು, ಹೊಲಿಗೆ. ಅವರ ಪುಸ್ತಕ ಯಾರ ಆಸರೆಯೂ ಇಲ್ಲದೆ ಓದುಗರೆದುರು ನಿಂತಿತು. ಮೆಚ್ಚುವುದೂ ಬಿಡುವುದೂ ಓದುಗರ ಕೈಯಲ್ಲೇ ಉಳಿಯಿತು.

20 ಜನರ ಪುಸ್ತಕದಲ್ಲಿ ಬಿಕರಿಗಿರುವ ಸರಕು ಬೇರೆ. ಅಲ್ಲಿ ಮಾರುವುದು ‘ಇವರು ಆಯ್ಕೆಯಾದವರು’ ಎಂಬ ಭಾವನೆಯನ್ನು. ಆಯ್ಕೆಗೆ ಬೆಲೆ ಬರುವುದು ನಿರಾಕರಣೆಯಿಂದ. ಹತ್ತನ್ನು ಹಿಂದಕ್ಕೆ ಕಳಿಸಿದ ಸಂಪಾದಕ ಹನ್ನೊಂದನೆಯದನ್ನು ಒಪ್ಪಿದಾಗ ಆ ಒಪ್ಪಿಗೆಗೆ ತೂಕವಿರುತ್ತದೆ. ಇಲ್ಲಿನ ಲೆಕ್ಕ ನೋಡಿ: ತಲಾ 1 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, ಒಂದು ಪ್ರತಿ ಮಾರಾಟವಾಗುವ ಮೊದಲೇ ಪ್ರಕಾಶಕರ ಕೈಗೆ 20 ಲಕ್ಷ ಬಂದಿರುತ್ತದೆ. ಗಿರಾಕಿಯ ಜಾಗದಲ್ಲಿ ಓದುಗನ ಬದಲು ಬರೆಯುವವನೇ ಕೂತಿದ್ದಾನೆ. ಗಿರಾಕಿಗೆ ‘ನಿಮ್ಮ ಬರಹ ಜಾಳಾಗಿದೆ, ತಿದ್ದಿ ತನ್ನಿ’ ಎಂದು ಹೇಳುವವರು ಯಾರು?

ಹಲವರು ಸೇರಿ ಬರೆದ ಪುಸ್ತಕವೆಲ್ಲ ಹೀಗೇ ಇರಬೇಕೆಂದೇನಿಲ್ಲ. 1993ರಲ್ಲಿ ಶುರುವಾದ ‘ಚಿಕನ್ ಸೂಪ್ ಫಾರ್ ದಿ ಸೋಲ್’ ಮಾಲಿಕೆ ಆಯ್ದ ಬರಹಗಳಿಗೆ ತಾನೇ ಹಣ ಕೊಡುತ್ತದೆ. ಧಾರವಾಡದಲ್ಲಿ 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಬೆಳೆಯಿತು. ಮುಂಗಡ ಹಣ ಅಲ್ಲೂ ಇತ್ತು, ಆದರೆ ಕೊಡುತ್ತಿದ್ದವನು ಓದುಗ. ಪುಸ್ತಕ ಸೊರಗಿದರೆ ಮರುವರ್ಷ ಚಂದಾ ನಿಲ್ಲಿಸುವ ಅಧಿಕಾರ ಅವನಿಗಿತ್ತು. ಹಣ ಯಾವ ಕಡೆಯಿಂದ ಬರುತ್ತದೋ ‘ಬೇಡ’ ಎನ್ನುವ ಹಕ್ಕೂ ಆ ಕಡೆಗೇ ಸೇರುತ್ತದೆ.

‘ಬೆಸ್ಟ್ ಸೆಲ್ಲರ್ ಆಗುತ್ತದೆ’ ಎಂಬ ಭರವಸೆಯ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಅಮೆರಿಕದ ಬ್ರೆಂಟ್ ಅಂಡರ್‌ವುಡ್ ತನ್ನ ಪಾದದ ಫೋಟೊವನ್ನೇ ಇ-ಪುಸ್ತಕ ಮಾಡಿ, ಬೆರಳೆಣಿಕೆಯ ಪ್ರತಿಗಳ ಮಾರಾಟದಿಂದಲೇ ಅಮೆಜಾನ್‌ನ ಸಣ್ಣ ಉಪವಿಭಾಗವೊಂದರಲ್ಲಿ ಮೊದಲ ಸ್ಥಾನಕ್ಕೇರಿದ್ದನ್ನು 2016ರಲ್ಲಿ ತಾನೇ ಬರೆದು ಬಯಲು ಮಾಡಿದ. ಪುಸ್ತಕದ ಗುರುತಿಗೆ ಕೊಡುವ ಐಎಸ್‌ಬಿಎನ್ ಸಂಖ್ಯೆಯೂ ಗುಣದ ಮುದ್ರೆಯಲ್ಲ. ಭಾರತದಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ.

ಎದುರುವಾದದಲ್ಲಿ ಬಲವಾದದ್ದು ಒಂದಿದೆ. ವ್ಯಾಪಾರಸ್ಥರು ಜಾಹೀರಾತಿಗೆ ದುಡ್ಡು ಸುರಿಯುವುದಿಲ್ಲವೇ? ಇದೂ ಒಂದು ಜಾಹೀರಾತು ಎಂದುಕೊಂಡರಾಯಿತು. ಸರಿಯೇ. ಆದರೆ ಜಾಹೀರಾತು ತಾನು ಜಾಹೀರಾತೆಂದು ಹೇಳಿಕೊಂಡೇ ಬರುತ್ತದೆ. ನೋಡುವವನು ಅದಕ್ಕೆ ತಕ್ಕಂತೆ ಎಚ್ಚರವಾಗಿರುತ್ತಾನೆ. ಪುಸ್ತಕದ ಮುಂದೆ ಅವನು ಆ ಎಚ್ಚರವನ್ನು ಸಡಿಲಿಸಿ ಕೂರುತ್ತಾನೆ. ಆದ್ದರಿಂದ ನಿರ್ಧರಿಸುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಬಹುದು. ‘ಈ ಪುಟಗಳಿಗೆ ಲೇಖಕರು ಹಣ ಕೊಟ್ಟಿದ್ದಾರೆ’ ಎಂಬ ಸಾಲನ್ನು ನಿಮ್ಮ ಅಧ್ಯಾಯದ ತಲೆಯ ಮೇಲೆ ಅಚ್ಚು ಹಾಕಿಸಿದರೆ, ಪುಸ್ತಕದಿಂದ ನಿಮಗಾಗುವ ಲಾಭ ಎಷ್ಟು ಉಳಿಯುತ್ತದೆ?

ಏನಾದರೂ ಉಳಿಯಬಹುದು. ಅನುಭವವನ್ನು ಬರೆದು ಕೂರಿಸುವ ಶಿಸ್ತು, ಜೊತೆಗೆ ಬರೆದವರ ಪರಿಚಯ, ಗ್ರಾಹಕರ ಕೈಗಿಡಲು ನಾಲ್ಕು ಪ್ರತಿ. ಅಷ್ಟಕ್ಕೆ ಆ ಬೆಲೆ ತಕ್ಕುದೆನಿಸಿದರೆ ಧಾರಾಳವಾಗಿ ಕೊಡಿ. ಒಪ್ಪಂದದಲ್ಲಿ ಹಕ್ಕುಸ್ವಾಮ್ಯ ಯಾರಿಗೆ ಹೋಗುತ್ತದೆಂದು ಮಾತ್ರ ಓದಿ ನೋಡಿ. ಭಾರತದ 1957ರ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಅವಧಿ ನಮೂದಾಗದಿದ್ದರೆ ಅದು 5 ವರ್ಷ ಎಂದು ಲೆಕ್ಕ.

ಹಣ ಕೊಟ್ಟದ್ದನ್ನು ಹೇಳುವ ಆ ಸಾಲು ಸೇರಿದೊಡನೆ ಲಾಭವೆಲ್ಲ ಕರಗಿಹೋಗುವಂತಿದ್ದರೆ, ನೀವು ಕೊಳ್ಳಲು ಹೊರಟದ್ದು ಓದುಗನ ಅರಿಯದಿರುವಿಕೆಯನ್ನು. ವಿಶ್ವಾಸವನ್ನೇ ಬಂಡವಾಳ ಮಾಡಿಕೊಂಡು ಬದುಕುವ ವ್ಯಾಪಾರಿಗೆ ಅದು ನಷ್ಟದ ಬಾಬ್ತು. ಹೇಳಲು ನಿಜಕ್ಕೂ ಏನಾದರೂ ಇದ್ದರೆ ಅದೇ ಹಣದಲ್ಲಿ ಸ್ವಂತ ಹೆಸರಿನ ತೆಳು ಪುಸ್ತಕವೊಂದನ್ನು ತರಬಹುದು. ಬೇಡ ಎನ್ನುವ ಹಕ್ಕು ಆಗ ಓದುಗನ ಬಳಿಯೇ ಇರುತ್ತದೆ. ಅವನು ಬೇಕು ಎಂದರೆ ಆ ಮಾತಿಗೆ ಬೆಲೆಯೂ ಇರುತ್ತದೆ.