ದೂತನೂ ದೊರೆಯ ಸಂಶಯವೂ

ದೂತನು ಅವಧ್ಯನೆಂಬ ಧರ್ಮವು ಭರತಖಂಡಕ್ಕೆ ಹೊಸದಲ್ಲ. ಸುಂದರಕಾಂಡದಲ್ಲಿ ವಿಭೀಷಣನು ರಾವಣನ ಸಭೆಯಲ್ಲಿ ಎತ್ತಿಹಿಡಿದುದು ಇದನ್ನೇ. ಕೌಟಿಲ್ಯನು ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರರೆಂದು ದೂತರನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಆದರೆ ಬಂದವನು ನಿಜವಾಗಿಯೂ ದೂತನೇ ಅಲ್ಲವೇ ಎಂಬ ಸಂಶಯವು ತಲೆದೋರಿದಾಗ ಅರಸನ ಕರ್ತವ್ಯವೇನು? ಸೀಮೆಯು ಹತ್ತಿರವಿದ್ದರೆ ಆಳನ್ನಟ್ಟಿ ವಿಚಾರಿಸಿಕೊಳ್ಳಬಹುದು. ನಡುವೆ ಕಡಲಿದ್ದರೆ?

ಇಂತಹ ಇಕ್ಕಟ್ಟು ವಿಜಯನಗರದ ಎರಡನೆಯ ದೇವರಾಯನಿಗೆ ಒದಗಿತು. ಖುರಾಸಾನದ ಹಿರಾತ್ ಪಟ್ಟಣದಿಂದ ಆಳುತ್ತಿದ್ದ, ತೈಮೂರನ ಮಗನಾದ ಷಾರುಖನು ಅಬ್ದುರ್ ರಜಾಕನೆಂಬ ವಿದ್ವಾಂಸನನ್ನು 1442ರ ಆದಿಯಲ್ಲಿ ಕಲ್ಲಿಕೋಟೆಗೆ ಕಳುಹಿಸಿದನು. ಓರ್ಮುಜ್ ರೇವಿನಲ್ಲಿ ಹಡಗು ಹತ್ತಿ, ದಾರಿಯಲ್ಲಿ ಕಾಯಿಲೆಯಿಂದ ಬಳಲಿ, ಕಲ್ಲಿಕೋಟೆಯನ್ನು ಸೇರಿದ ಆತನಿಗೆ ಸಾಮೂದಿರಿಯಲ್ಲಿ ಹೇಳಿಕೊಳ್ಳುವಂತಹ ಆದರವು ದೊರೆಯಲಿಲ್ಲ. ಅಷ್ಟರಲ್ಲಿ ದೇವರಾಯನ ಕರೆ ಬಂದಿತು. ಮಂಗಳೂರಿನ ಮಾರ್ಗವಾಗಿ ಅವನು ವಿಜಯನಗರವನ್ನು ಮುಟ್ಟಿದುದು 1443ರ ಏಪ್ರಿಲ್ ಕೊನೆಯಲ್ಲಿ. ಊರು ಬಿಟ್ಟ ಹದಿನೈದು ತಿಂಗಳ ಮೇಲೆ.

ಅಂಗಿಯ ಮೇಲೆ ಅಂಗಿ ತೊಟ್ಟು ಬೆವರುತ್ತಿದ್ದ ಪರದೇಶಿಯನ್ನು ಕಂಡು ಮರುಗಿ ರಾಯನು ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಕೊಟ್ಟನು. ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ ಎಂದು ಪಡಿಯು ಗೊತ್ತಾಯಿತು. ಸಹಪಂಕ್ತಿಯ ಭೋಜನವು ಸಲ್ಲದಾದುದರಿಂದ ಹೊನ್ನಿನ ಚೀಲವೇ ದೂತನಿಗೆ ಔತಣವೆಂದು ರಾಯನು ತಿಳಿಸಿದನಂತೆ. ಆಚಾರವೂ ಕೆಡದೆ ಆತಿಥ್ಯವೂ ಕುಂದದ ಈ ಉಪಾಯವು ಮೆಚ್ಚತಕ್ಕದ್ದೇ.

ಇಷ್ಟಾಗಿರಲು, ಇವನು ಷಾರುಖನ ಕಡೆಯವನೇ ಅಲ್ಲವೆಂದು ಓರ್ಮುಜಿನ ಕೆಲವರು ಸುದ್ದಿ ಹಬ್ಬಿಸಿದರು. ಯಾರನ್ನು ನಂಬಬೇಕು? ಓರ್ಮುಜಿನವರು ಕುದುರೆ ತಂದು ಮಾರುವ ಪರಿಚಿತರು. ದೂತನಾದರೋ ಒಮ್ಮೆ ಬಂದು ಹೋಗುವವನು. ಕೈಯಲ್ಲಿದ್ದ ಪತ್ರದ ಹೊರತು ಅವನಿಗೆ ಬೇರೆ ಸಾಕ್ಷಿಯಿಲ್ಲ. ಸಂಶಯಕ್ಕೆ ಗುರಿಯಾದುದೂ ಅದೇ. ಹಿರಾತಿಗೆ ಹೇಳಿಕಳುಹಿಸಿ ಉತ್ತರವನ್ನು ಪಡೆಯಬೇಕಾದರೆ ವರುಷಗಳೇ ಕಳೆಯಬೇಕು.

ದೇವರಾಯನು ಮಾಡಬೇಕೆಂದಿದ್ದ ಹೆಚ್ಚಿನ ಮರ್ಯಾದೆಯನ್ನು ತಡೆಹಿಡಿದನು. ಆದರೆ ಸೆರೆಯಲ್ಲಿಡಲಿಲ್ಲ, ಹೊರಗಟ್ಟಲಿಲ್ಲ. ಬೀಳ್ಕೊಡುವಾಗ ಸಂಶಯವನ್ನು ದೂತನಿಗೇ ತಿಳಿಸಿ, ಮತ್ತೆ ಬಂದರೆ ತಕ್ಕ ಗೌರವವಾಗುವುದೆಂದನು. ತನ್ನ ಕಡೆಯ ಇಬ್ಬರನ್ನು ಅವನ ಜೊತೆಗೆ ಹೊರಡಿಸಿ, ಷಾರುಖನಿಗೆ ಬರೆಯಿಸಿದ ರಾಯಸದಲ್ಲಿಯೂ ಆ ಮಾತನ್ನು ಮುಚ್ಚದೆ ಸೇರಿಸಿದನು.

ಇದು ನ್ಯಾಯವೇ? ಚಾಡಿಯ ಮಾತಿನಿಂದ ನಿರಪರಾಧಿಗೆ ಸಲ್ಲತಕ್ಕ ಮಾನವು ಕಡಮೆಯಾದುದು ನಿಶ್ಚಯವಾಗಿಯೂ ಅನ್ಯಾಯ. ಆದರೆ ಆ ಸಂಶಯವನ್ನು ಪರಿಹರಿಸಬಲ್ಲವನು ಲೋಕದಲ್ಲಿ ಷಾರುಖನೊಬ್ಬನೇ; ಅವನ ಬಳಿಗೇ ಅದನ್ನು ನೇರವಾಗಿ ಕಳುಹಿಸಿದ ಅರಸನನ್ನು ಧರ್ಮಗೇಡಿಯೆನ್ನಲಾಗದು. ಕಠಿನವಾದ ಪಾಲು ದೂತನದು. ತನ್ನ ಮೇಲಣ ದೂರನ್ನು ಬರೆದಿದ್ದ ಪತ್ರದೊಡನೆ ಅವನು ಪುನಃ ಕಡಲು ದಾಟಬೇಕಾಯಿತು. 1445ರಲ್ಲಿ ಹಿರಾತನ್ನು ಸೇರಿ ಮುಂದೆ ಬರೆದ ಇತಿಹಾಸಗ್ರಂಥದಲ್ಲಿ, ವಿಜಯನಗರದಂತಹ ಪಟ್ಟಣವಿಲ್ಲವೆಂಬ ಪ್ರಶಂಸೆಯೊಡನೆ ತನ್ನನ್ನು ದೂತನಲ್ಲವೆಂದ ಮಾತನ್ನೂ ಅವನು ಅಳಿಸದೆ ಬರೆದಿಟ್ಟಿರುವನು.