ಸೋರುವ ಜಾಗ, ಕೆಟ್ಟ ಜಾಗ

ಸಿರವಾರದ ನಮ್ಮ ಮನೆಯ ಅಂಗಳದ ಫರಸಿ ಕಲ್ಲಿನ ಮೇಲೆ ಅಂಗೈ ಅಗಲದ ಒಂದು ಕಪ್ಪು ಕಲೆ ಇದೆ. ಅಪ್ಪನ 1972ರ ಅಂಬಾಸಿಡರ್ ನಿಲ್ಲುತ್ತಿದ್ದ ಜಾಗ ಅದು. ಹಿಂದಿನ ಎಡಗಾಲಿಯ ಒಳಮಗ್ಗುಲಿನಿಂದ ಹನಿಹನಿಯಾಗಿ ಬಿದ್ದ ಗೇರ್ ಎಣ್ಣೆಯನ್ನು ಕಲ್ಲು ಕುಡಿದುಬಿಟ್ಟಿದೆ. ಅಮ್ಮ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಆ ಕಲೆ ಕಂಡಾಗಲೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ: ಸೋರಿದ ಜಾಗವೇ ಕೆಟ್ಟ ಜಾಗವೇ?

ಅಪ್ಪ ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿ, 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಲ್ಲುವವರೆಗೂ ಹೆಚ್ಚು ರೂಪ ಬದಲಿಸದೆ ಬಂದ ಗಾಡಿ ಅದು. ಎಣ್ಣೆ ಸೋರುವುದನ್ನು ಊರಿನ ಒಬ್ಬ ಹುಡುಗ ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಗಾಲಿ ಬಿಚ್ಚಿ, ಡ್ರಮ್ ತೆಗೆದು, ಆಕ್ಸಲ್ ಎಳೆದು ನೋಡಿದ. "ಆಯಿಲ್ ಸೀಲ್ ಹೋಗ್ಯಾದ್ರಿ ಸರ್, ಹೊಸಾದು ಹಾಕಿದ್ರ ಆತು" ಎಂದ. ಹಾಕಿದ. ಇಪ್ಪತ್ತು ದಿನಕ್ಕೆ ಮತ್ತೆ ಸೋರಿತು. ಮತ್ತೊಂದು ಹಾಕಿದ. ಅದೂ ಸೋರಿತು. ಆಗ ನಾನು ನಾಲ್ಕು ಜನರ ಎದುರಿಗೆ "ಹಳೇ ಸೀಲ್ ಒರಿಸಿ ಹಾಕಿ ರೊಕ್ಕ ಕೇಳ್ತೀಯೇನಲೇ?" ಎಂದುಬಿಟ್ಟೆ. ಎರಡನೇ ಸಲದ ಕೂಲಿ ಕೊಡಲಿಲ್ಲ. ಅವನು ಪಾನಾ ಒರೆಸುತ್ತಾ ಸುಮ್ಮನೆ ನಿಂತಿದ್ದ.

ಸೋರಿದರೆ ಸೋರಲಿ, ಎಣ್ಣೆ ಹಾಕುತ್ತಾ ಹೋದರಾಯಿತು ಎಂದುಕೊಂಡೆ. ವಾರಕ್ಕೊಮ್ಮೆ ಸುರಿಯತೊಡಗಿದೆ. ಒಂದು ಸಂಜೆ ದೇವದುರ್ಗದ ಹಾದಿಯಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಥಟ್ಟನೆ ಬಲಕ್ಕೆ ಎಳೆಯಿತು. ಎದುರಿಗೆ ಸೈಕಲ್ ಮೇಲೆ ಒಬ್ಬ ಶಾಲೆಯ ಹುಡುಗ. ಅವನು ರಸ್ತೆ ಬಿಟ್ಟು ಹತ್ತಿಯ ಹೊಲಕ್ಕೆ ಇಳಿದ. ಅವನಿಗೇನೂ ಆಗಲಿಲ್ಲ. ನನಗೆ ಮಾತ್ರ ಸ್ಟೇರಿಂಗ್ ಹಿಡಿದ ಕೈ ಎಷ್ಟೋ ಹೊತ್ತು ನಡುಗುತ್ತಿತ್ತು. ಸೋರಿದ ಎಣ್ಣೆ ಎಡಗಡೆಯ ಬ್ರೇಕ್ ಲೈನರನ್ನು ತೋಯಿಸಿತ್ತು. ಎಡಗಾಲಿ ಹಿಡಿಯಲಿಲ್ಲ, ಬಲಗಾಲಿ ಹಿಡಿಯಿತು.

ಮರುದಿನ ಮೆಲ್ಲಗೆ ಓಡಿಸಿಕೊಂಡು ರಾಯಚೂರಿಗೆ ಹೋದೆ. ಅಲ್ಲಿಯ ಒಬ್ಬ ಮುದುಕ ಮಿಸ್ತ್ರಿ ಗಾಲಿಯ ಕಡೆ ನೋಡಲೇ ಇಲ್ಲ. ಕಾರಿನ ಕೆಳಗೆ ಮಲಗಿ, ಹಿಂದಿನ ಆಕ್ಸಲ್ ಹೌಸಿಂಗಿನ ಮೇಲೆ ಬೆರಳಾಡಿಸಿ, ಮಣ್ಣಿನ ಒಂದು ಗಂಟನ್ನು ಕೆರೆದ. ಒಳಗೆ ಸಣ್ಣದೊಂದು ಬ್ರೀದರ್ ಇತ್ತು. ಅದನ್ನು ತಿರುವುತ್ತಿದ್ದಂತೆ ಬುಸ್ ಎಂದು ಗಾಳಿ ಹೊರಬಂತು. "ಇದು ಅದರ ಮೂಗು ರೀ. ಮೂಗು ಕಟ್ಟಿದ್ರ ಅದು ಉಸಿರು ಎಲ್ಲಿಂದ ಬಿಡಬೇಕು?"

ಗಾಡಿ ಓಡಿದಂತೆ ಹಲ್ಲುಗಾಲಿಗಳು ಎಣ್ಣೆಯನ್ನು ಕಡೆಯುತ್ತವೆ, ಎಣ್ಣೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಗೆ ದಾರಿ ಈ ತೂತು. ನಮ್ಮ ಎರೆಮಣ್ಣು ಅದನ್ನು ಮೆತ್ತಿಬಿಟ್ಟಿತ್ತು. ದಾರಿ ಕಾಣದ ಗಾಳಿ ಎಣ್ಣೆಯನ್ನು ದೂಡುತ್ತದೆ. ಎಣ್ಣೆ ಎಲ್ಲಕ್ಕಿಂತ ಮೆತ್ತಗಿನ ಜಾಗ ಹುಡುಕುತ್ತದೆ. ಸೀಲಿನ ರಬ್ಬರ್ ತುಟಿಗಿಂತ ಮೆತ್ತಗಿನದು ಅಲ್ಲಿ ಬೇರೇನಿದೆ? ಮಿಸ್ತ್ರಿ ಮಟ್ಟದ ಪ್ಲಗ್ಗನ್ನೂ ಬಿಚ್ಚಿದ. ಎಣ್ಣೆ ಧಾರೆಯಾಗಿ ಸುರಿಯಿತು. ಸೋರುತ್ತದೆಂಬ ಹೆದರಿಕೆಯಲ್ಲಿ ನಾನೇ ಅಳತೆ ಮೀರಿ ತುಂಬಿದ್ದೆ. ಹುಡುಗನ ಮೇಲೆ ನಾನು ಹೊರಿಸಿದ ಸೋರಿಕೆಯಲ್ಲಿ ನನ್ನ ಕೈಯೂ ಇತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಬದುಕಿನಲ್ಲಿ ಮಾತ್ರ ದಿನವೂ ಬರೆ ಹಾಕುತ್ತಲೇ ಇರುತ್ತೇವೆ. ನನ್ನ ಅಪ್ಪ ಕಚೇರಿಯಲ್ಲಿ ಒಂದು ದಿನವೂ ದನಿ ಎತ್ತಿದವರಲ್ಲ. ಮನೆಗೆ ಬಂದು ಸಾರಿಗೆ ಉಪ್ಪು ಕಮ್ಮಿ ಎಂದು ತಾಟು ಎಸೆದದ್ದುಂಟು. ಅಮ್ಮ ಮರುದಿನ ಉಪ್ಪು ಹೆಚ್ಚು ಹಾಕುತ್ತಿದ್ದಳು. ಅವಳೂ ಸೀಲನ್ನೇ ಬದಲಿಸುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಒತ್ತಡ ಹುಟ್ಟುವ ಜಾಗ ಒಂದು, ಒಡೆಯುವ ಜಾಗ ಇನ್ನೊಂದು. ಒಡೆಯುವ ಜಾಗದಲ್ಲಿ ಸಾಮಾನ್ಯವಾಗಿ ತಿರುಗಿ ಮಾತಾಡಲಾರದವರು ಇರುತ್ತಾರೆ.

ಒತ್ತಡ ಇಳಿಸದೆ ರಿಪೇರಿ ಆಗದು ಎಂಬುದನ್ನು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ನಂಬಿದ ನಮ್ಮ ಸೀಮೆಯವರು 2024ರಲ್ಲಿ ಕಣ್ಣಾರೆ ಕಂಡಿದ್ದಾರೆ. ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅದನ್ನು ಮುಚ್ಚುವ ಮೊದಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಕಾಲುವೆಯ ಕೊನೆಯಲ್ಲಿ ಭತ್ತ ಹಚ್ಚುವವರಿಗೆ ಹೊಟ್ಟೆ ಉರಿಯುವ ನೋಟ. ಆದರೂ ಬೇರೆ ದಾರಿ ಇರಲಿಲ್ಲ.

ಹಾಗಾದರೆ ಸೀಲಿನದು ಏನೂ ತಪ್ಪಿಲ್ಲವೇ? ಅಪ್ಪನ ಸಿಟ್ಟಿಗೆ ಕಚೇರಿಯೇ ಕಾರಣವಾದರೆ ಎಸೆದ ತಾಟಿಗೆ ಅಪ್ಪ ಹೊಣೆಯಲ್ಲವೇ? ಈ ವಾದ ಬಲು ಅನುಕೂಲದ್ದು. ಕಾರಣವನ್ನು ಹಿಂದೆ ಹಿಂದೆ ತಳ್ಳುತ್ತಾ ಹೋದರೆ ಕೊನೆಗೆ ಎಲ್ಲವೂ ಎರೆಮಣ್ಣಿನ ತಪ್ಪಾಗುತ್ತದೆ. ಮಿಸ್ತ್ರಿ ಹಾಗೆ ಮಾಡಲಿಲ್ಲ. ಬ್ರೀದರ್ ತೊಳೆದು ಊದಿದ. ಎಣ್ಣೆಯನ್ನು ಮಟ್ಟಕ್ಕೆ ತಂದ. ಆಮೇಲೆ ಹೊಸ ಸೀಲನ್ನೂ ಹಾಕಿದ. ಲೈನರನ್ನು ಪೆಟ್ರೋಲಿನಲ್ಲಿ ಒರೆಸಿದರೆ ಸಾಲದೇ ಎಂದು ಕೇಳಿದೆ. "ಎಣ್ಣೆ ಕುಡಿದ ಲೈನರ್ ಮತ್ತ ನಂಬಬಾರ್ದು ರೀ" ಎಂದು ಎರಡೂ ಕಡೆ ಹೊಸದು ಹಾಕಿದ. ಕಾರಣ ತಿಳಿದ ಮಾತ್ರಕ್ಕೆ ಕೆಟ್ಟದ್ದು ಸರಿಹೋಗುವುದಿಲ್ಲ. ಕೆಟ್ಟದ್ದನ್ನಷ್ಟೇ ಸರಿಮಾಡಿದರೆ ಅದು ಉಳಿಯುವುದಿಲ್ಲ. ಎರಡೂ ಕೆಲಸ ಬೇರೆ ಬೇರೆ, ಎರಡನ್ನೂ ಮಾಡಬೇಕು. ಅರ್ಥಮಾಡಿಕೊಳ್ಳುವುದು ಮತ್ತು ಹೊಣೆ ಹೊರುವುದು ಒಂದರ ಬದಲಿಗೆ ಇನ್ನೊಂದಲ್ಲ.

ನನ್ನ ಪಾಲಿಗೆ ಒಂದು ಕೆಲಸ ಉಳಿದಿತ್ತು. ಸಿರವಾರಕ್ಕೆ ಮರಳಿ ಆ ಹುಡುಗನ ಅಂಗಡಿಗೆ ಹೋದೆ. ಬೈದಾಗ ನಾಲ್ಕು ಜನರಿದ್ದರು; ಈಗಲೂ ಇಬ್ಬರಾದರೂ ಇರಲಿ ಎಂದು ಕಾದು ನಿಂತೆ. ತಪ್ಪಾಯಿತು ಎಂದು ಹೇಳಿ ಕೂಲಿ ಕೊಟ್ಟೆ. ಅವನು ರೊಕ್ಕ ಎಣಿಸಿ ಜೇಬಿಗಿಟ್ಟ. ಸ್ವಲ್ಪ ಹೊತ್ತು ಬಿಟ್ಟು, "ಬ್ರೀದರ್ ನಾನೂ ನೋಡಬೇಕಿತ್ರಿ ಸರ್" ಎಂದ.

ಈಗ ಕಾರು ಸೋರುವುದಿಲ್ಲ. ಕಲ್ಲಿನ ಮೇಲಿನ ಕಲೆ ಹಾಗೇ ಇದೆ.